ತಾನಾಗಿ ಎಚ್ಚರಗೊಳ್ಳುವ ಸಬ್‌ವೂಫರ್

ಸ್ವಹಸ್ತದಿಂದ ನಿರ್ಮಿಸಿದ ಸಬ್‌ವೂಫರ್ ಆಂಪ್ಲಿಫೈಯರಿನ ಗಂಭೀರನಾದವನ್ನು ಆಲಿಸುವ ಸುಖವೆಷ್ಟೇ ದೊಡ್ಡದಾಗಿರಲಿ, ಪ್ರತಿ ಸಲವೂ ಸೋಫಾದ ಹಿಂದೆ ಬಗ್ಗಿ ಸ್ವಿಚ್ಚನ್ನು ತಡಕುವುದೂ, ಚಿತ್ರ ಮುಗಿದ ಮೇಲೆ ಆರಿಸಲು ಮರೆತು ಬೆಳಗ್ಗೆ ಬೆಚ್ಚಗಿನ ಹೀಟ್‌ಸಿಂಕನ್ನು ಮುಟ್ಟಿ ಪರಿತಪಿಸುವುದೂ ಅದರೊಡನೆ ಬಂದೇ ಬರುತ್ತವೆ. ಪರಿಹಾರ ಅನೇಕ ಹೋಮ್ ಥಿಯೇಟರ್ ರಿಸೀವರುಗಳ ಬೆನ್ನಿನಲ್ಲೇ ಇದೆ: ಅಲ್ಲಿರುವ ಟ್ರಿಗರ್ ಎಂಬ 3.5 ಮಿ.ಮೀ. ಜಾಕ್, ರಿಸೀವರ್ ಚಾಲನೆಗೊಂಡೊಡನೆ 12 ವೋಲ್ಟನ್ನು ನೀಡುತ್ತದೆ. ಆ ಅಲ್ಪಶಕ್ತಿ ಆಂಪ್ಲಿಫೈಯರನ್ನು ನಡೆಸಲಾರದಾದರೂ, ಸಕ್ಕರೆಯಚ್ಚಿನಷ್ಟು ಪುಟ್ಟ ರಿಲೇಯ ಸುರುಳಿಯನ್ನು ಸುಮಾರು 30 ಮಿಲಿಆಂಪಿಯರಿನಲ್ಲಿ ಅಯಸ್ಕಾಂತವಾಗಿಸಬಲ್ಲುದು. ಟಿಕ್ಕೆಂದು ಕೂಡುವ ಅದರ ಸಂಪರ್ಕಗಳ ಮೂಲಕ 230 ವೋಲ್ಟಿನ ವಿದ್ಯುತ್ತು ಆಂಪ್ಲಿಫೈಯರಿಗೆ ಹರಿಯುತ್ತದೆ. ಸುರುಳಿಗೆ ಅಡ್ಡಲಾಗಿ ಡಯೋಡೊಂದನ್ನು ವಿಲೋಮವಾಗಿ ಬೆಸೆಯದಿದ್ದರೆ, ರಿಲೇ ಬಿಡುವ ಕ್ಷಣದಲ್ಲಿ ಚಿಮ್ಮುವ ಪ್ರತಿವೋಲ್ಟೇಜು ರಿಸೀವರಿಗೇ ಘಾತಕವಾದೀತು. ಮನೆಯ ವಿದ್ಯುತ್ತು ಹಾಯುವ ಭಾಗವನ್ನು ಮಾತ್ರ ಅನುಭವಸ್ಥ ಎಲೆಕ್ಟ್ರಿಷಿಯನ್ನರಿಂದಲೇ, ಫ್ಯೂಸಿನೊಡನೆ, ಮುಚ್ಚಿದ ಪೆಟ್ಟಿಗೆಯೊಳಗೆ ಮಾಡಿಸಿರಿ.