ಮಧ್ಯಸಂಕೇತದಲ್ಲಿ ಸಾರ್ವತ್ರಿಕ ಚರದ ಸ್ಥಾನ

ಗಣಕಯಂತ್ರಕ್ಕೆ ನಾವು ಬರೆದುಕೊಡುವ ಕ್ರಮವಿಧಿಯನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಧನಕ್ಕೆ ಕಂಪೈಲರ್ ಎಂದು ಹೆಸರು. ಈ ಭಾಷಾಂತರವು ಬಹುಮಟ್ಟಿಗೆ ಒಂದೇ ನೆಗೆತದಲ್ಲಿ ನಡೆಯತಕ್ಕುದಲ್ಲ. ನಡುವೆ ಮಧ್ಯಸಂಕೇತವೆಂಬ ತಂಗುದಾಣವೊಂದುಂಟು. ಕ್ರಮವಿಧಿಯ ಎಲ್ಲ ಉಪವಿಧಿಗಳಿಗೂ ಎಟಕುವ ಚರವನ್ನು ಅಲ್ಲಿ ಹೇಗೆ ಗುರುತಿಸಬೇಕೆಂಬುದೇ ಪ್ರಸ್ತುತ ವಿಚಾರ. ಇಂಥದನ್ನು ಕೆಲವರು 'ಜಾಗತಿಕ ಚರ'ವೆನ್ನುವರು. ಆದರೆ ಜಗತ್ತಿಗೂ ಇದಕ್ಕೂ ಸಂಬಂಧವಿಲ್ಲ. ಒಂದು ಕ್ರಮವಿಧಿಯೇ ಇದರ ಎಲ್ಲೆ. ಆದುದರಿಂದ 'ಸಾರ್ವತ್ರಿಕ ಚರ'ವೆಂಬ ಮಾತೇ ಮೇಲೆಂದು ನನ್ನ ಅಭಿಪ್ರಾಯ.

ಈ ವಿಷಯಕ್ಕೂ ನಮ್ಮ ಪುಣೆಗೂ ನಂಟುಂಟು. ನಿಕ್ಲಾಸ್ ವಿರ್ತ್ ಅವರು 1970ರಲ್ಲಿ ಪ್ರಕಟಿಸಿದ ಪ್ಯಾಸ್ಕಲ್ ಭಾಷೆಗೆ, ಅದೇ ದಶಕದಲ್ಲಿ ಜ್ಯೂರಿಕ್ ನಗರದಲ್ಲಿ 'ಪಿ-ಕಂಪೈಲರ್' ಸಿದ್ಧವಾಯಿತು. ಅದರ ರಚನೆಯನ್ನು ವಿವರಿಸುವ ಟಿಪ್ಪಣಿಗಳ ಕರ್ತೃಗಳಲ್ಲಿ ಮೊದಲ ಹೆಸರು ಕೇಶವ ನೋರಿ ಅವರದು. ಮುಂದೆ ಅವರು, 1981ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಟಾಟಾ ಸಂಶೋಧನಾ ಕೇಂದ್ರದಲ್ಲಿ ಕಾರ್ಯನಿರತರಾದರು. 1987ರ ಡಿಸೆಂಬರಿನಲ್ಲಿ ಇಲ್ಲಿಯೇ ನೆರೆದ ಗಣಕಶಾಸ್ತ್ರದ ಸಮ್ಮೇಳನದ ಪ್ರಬಂಧಗಳನ್ನು ಸಂಪಾದಿಸಿದವರೂ ಅವರೇ.

ಪಿ-ಸಂಕೇತದ ಕಲ್ಪಿತ ಯಂತ್ರದಲ್ಲಿ ಸ್ಮೃತಿಕೋಶಗಳು ಒಂದರ ಮೇಲೊಂದಾಗಿ ಅಟ್ಟಿಯಂತೆ ಬೆಳೆಯುವುವು. ಉಪವಿಧಿಯನ್ನು ಕರೆದಾಗಲೆಲ್ಲ ಅಟ್ಟಿಯ ನೆತ್ತಿಯಲ್ಲಿ ಅದರ ಚರಗಳಿಗೆ ಹೊಸ ಜಾಗವೇರ್ಪಡುವುದು. ಕೆಲಸ ಮುಗಿದೊಡನೆ ಅಳಿಯುವುದು. ಅದೇ ಉಪವಿಧಿ ತನ್ನನ್ನು ತಾನೇ ಕರೆದರೆ ಒಂದೇ ಹೆಸರಿನ ಚರಕ್ಕೆ ಎರಡು ಜಾಗಗಳಾದವು. ಆದುದರಿಂದ ಸ್ಥಳೀಯ ಚರಕ್ಕೆ ನಿಶ್ಚಿತ ವಿಳಾಸವಿಲ್ಲ. 'ಎಷ್ಟು ಆವರಣ ಹೊರಗೆ, ಅಲ್ಲಿಂದ ಎಷ್ಟನೆಯ ಕೋಶ' ಎಂಬ ಎರಡು ಅಂಕಿಗಳು ಬೇಕು. ಸಾರ್ವತ್ರಿಕ ಚರಗಳಾದರೋ ಅಟ್ಟಿಯ ತಳದಲ್ಲಿ ಕದಲದೆ ಕುಳಿತಿರುವುವು. ಒಂದೇ ಅಂಕಿ ಸಾಕು. ಪೇಟೆಯ ಲೆಕ್ಕದವರ ಮಾತಿನಲ್ಲಿ ಹೇಳುವುದಾದರೆ, ಮೊದಲನೆಯದು ಗುಮಾಸ್ತನ ಕೈಚೀಟಿ. ಎರಡನೆಯದು ಖತಾವಣಿಯ ಪುಟ.

ಈ ಭೇದವನ್ನು ಪಿ-ಸಂಕೇತವು ಆಜ್ಞೆಯ ಹೆಸರಿನಲ್ಲಿಯೇ ತೋರಿಸುತ್ತದೆ. ಸ್ಥಳೀಯ ಚರವನ್ನು ಓದಲು 'ಎಲ್‌ಓಡಿ', ಬರೆಯಲು 'ಎಸ್‌ಟಿಆರ್'. ಸಾರ್ವತ್ರಿಕಕ್ಕೆ 'ಎಲ್‌ಡಿಓ' ಮತ್ತು 'ಎಸ್‌ಆರ್‌ಓ'. ಪಿ-4 ಆವೃತ್ತಿಯಲ್ಲಿ ಸೊನ್ನೆಯಿಂದ ನಾಲ್ಕರವರೆಗಿನ ಕೋಶಗಳು ಯಂತ್ರದ ಸ್ವಂತ ನೆನಪಿಗೆ, ಐದರಿಂದ ಎಂಟು ಕಡತಗಳಿಗೆ ಮೀಸಲು. ನಮ್ಮ ಸಾರ್ವತ್ರಿಕ ಚರಗಳು ಒಂಬತ್ತರಿಂದ ಮೊದಲಾಗುವುವು. 'ಜಮಾ' ಎಂಬ ಉಪವಿಧಿಯು ತನಗೆ ಬಂದ ಮೊತ್ತವನ್ನು 'ಒಟ್ಟು' ಎಂಬ ಸಾರ್ವತ್ರಿಕ ಚರಕ್ಕೆ ಕೂಡಿಸಬೇಕೆನ್ನೋಣ. ಸಂಕೇತವು ಹೀಗಾಗುತ್ತದೆ: ಎಲ್‌ಡಿಓ 9, ಎಲ್‌ಓಡಿ 0 5, ಎಡಿಐ, ಎಸ್‌ಆರ್‌ಓ 9. ಅಂದರೆ ಒಂಬತ್ತನೆಯ ಕೋಶವನ್ನು ಓದು, ನನ್ನದೇ ಆವರಣದ ಐದನೆಯದನ್ನು ಓದು, ಕೂಡಿಸು, ಒಂಬತ್ತಕ್ಕೆ ಬರೆ. ಈ ಸಂಕೇತದಿಂದಲೇ ಬೆಳೆದ ಯುಸಿಎಸ್‌ಡಿ ಪ್ಯಾಸ್ಕಲ್ ಪದ್ಧತಿಯಲ್ಲಿ ಮೊದಲ 16 ಸಾರ್ವತ್ರಿಕ ಕೋಶಗಳನ್ನು ಓದಲು ಒಂದೇ ಬೈಟಿನ ಆಜ್ಞೆಗಳಿದ್ದುವು. ಸ್ಮೃತಿಯು ದುಬಾರಿಯಾಗಿದ್ದ ಕಾಲದ ಜಾಣ ಮಿತವ್ಯಯವದು.

ಕ್ರಮವಿಧಿಯನ್ನು ತುಂಡುತುಂಡಾಗಿ ಬೇರೆಬೇರೆ ಭಾಷಾಂತರಿಸುವಾಗ ಮಾತ್ರ ಒಂಬತ್ತೆಂಬ ಅಂಕಿ ನಿಲ್ಲದು, ಇನ್ನೊಂದು ತುಂಡಿನವರೂ ಅದನ್ನೇ ಬಳಸಿರಬಹುದಷ್ಟೆ. ಆದುದರಿಂದ 2000ದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಎಲ್‌ಎಲ್‌ವಿಎಂ ಮಧ್ಯಸಂಕೇತದಲ್ಲಿ ಸಾರ್ವತ್ರಿಕ ಚರವು ಹೆಸರಾಗಿಯೇ ಉಳಿಯುತ್ತದೆ. ಆ ಹೆಸರಿನ ಅರ್ಥ ಚರದ ಬೆಲೆಯಲ್ಲ, ಅದರ ವಿಳಾಸ. ಬೆಲೆ ಬೇಕಾದರೆ ಪ್ರತ್ಯೇಕವಾಗಿ ಓದಬೇಕು, ಬದಲಿಸಬೇಕಾದರೆ ಪ್ರತ್ಯೇಕವಾಗಿ ಬರೆಯಬೇಕು.

ಇಷ್ಟು ಬಿಗಿ ಏಕೆಂದು ವಾಚಕರು ಕೇಳಬಹುದು. ಹಣದ ಲೆಕ್ಕವನ್ನು ಯಂತ್ರಕ್ಕೊಪ್ಪಿಸಿರುವ ನಮ್ಮಂಥವರಿಗೆ ಅದು ಕುತೂಹಲದ ಪ್ರಶ್ನೆ ಮಾತ್ರವಲ್ಲ. 'ಒಟ್ಟು' 500 ಇದೆ. ಮುಖ್ಯವಿಧಿಯು ಅದನ್ನು ಓದಿ ಅಚ್ಚುಮಾಡಿತು. ಬಳಿಕ 200 ಕೊಟ್ಟು 'ಜಮಾ'ವನ್ನು ಕರೆಯಿತು, ಕೋಶದಲ್ಲೀಗ 700. ತರುವಾಯ 'ಒಟ್ಟಿಗೆ 100 ಕೂಡಿಸು' ಎಂದಿದೆ. ವೇಗದ ಆಸೆಗೆ ಕಂಪೈಲರು ಮೊದಲೇ ಓದಿಟ್ಟ 500ನ್ನೇ ಮತ್ತೆ ಬಳಸಿದರೆ 600 ಬರೆದೀತು. ಬರಬೇಕಾದುದು 800. ಇನ್ನೂರು ರೂಪಾಯಿ ಕೀರ್ದಿಯಲ್ಲಿಯೂ ಸಿಗದಂತೆ ಮಾಯ!

ಕರೆದ ಉಪವಿಧಿಯು ಯಾವ ಸಾರ್ವತ್ರಿಕ ಚರವನ್ನು ಮುಟ್ಟೀತೆಂದು ತಿಳಿಯದಿದ್ದಲ್ಲಿ, ಎಲ್ಲವನ್ನೂ ಮುಟ್ಟಿರಬಹುದೆಂದೇ ಭಾವಿಸಿ ಪುನಃ ಓದಬೇಕು. ತಿಳಿದಿದ್ದರೆ ಆ ಶ್ರಮ ಉಳಿಯಿತು. ಹೀಗೆ ತಿಳಿಯುವ ಶಾಸ್ತ್ರಕ್ಕೆ ದತ್ತಪ್ರವಾಹ ವಿಶ್ಲೇಷಣೆ ಎನ್ನಬಹುದು. ಹಿಂದೆ ಪುಣೆ ವಿಶ್ವವಿದ್ಯಾಲಯದಲ್ಲಿ ಬೋಧಿಸಿ ಅನಂತರ ಮುಂಬಯಿಯ ಐಐಟಿ ಸೇರಿದ ಉದಯ ಖೇಡಕರ್ ಅವರು ಇಬ್ಬರು ಸಹಲೇಖಕರೊಡನೆ 2009ರಲ್ಲಿ ಈ ಶಾಸ್ತ್ರದ ಮೇಲೆ ಗ್ರಂಥವನ್ನೇ ರಚಿಸಿದ್ದಾರೆ.