ಎಮು

ಪಕ್ಷಿಗಳಲ್ಲಿ ಉಷ್ಟ್ರಪಕ್ಷಿಯನ್ನು ಬಿಟ್ಟರೆ ಅತ್ಯಂತ ಎತ್ತರವಾದುದು ಆಸ್ಟ್ರೇಲಿಯದ ಎಮು. ಇದರ ರೆಕ್ಕೆಗಳು ತೀರ ಕಿರಿದು. ಹಾರುವ ಸ್ನಾಯುಗಳಿಗೆ ಆಧಾರವಾಗಬೇಕಾದ ಏಣು ಎದೆಮೂಳೆಯಲ್ಲಿಲ್ಲ. ಆದುದರಿಂದ ಎಮು ಹಾರಲಾರದು. ಆದರೆ ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ನೋಟಕ್ಕೆ ಉಷ್ಟ್ರಪಕ್ಷಿಯನ್ನು ಹೋಲಿದರೂ ಅದರಂತೆ ಎಮುವಿನ ಪಾದದಲ್ಲಿರುವುದು ಎರಡು ಬೆರಳುಗಳಲ್ಲ, ಮೂರು. ವರ್ಗೀಕರಣದಲ್ಲಿ ಇದರ ಅತಿ ಸಮೀಪದ ಬಂಧು ಕ್ಯಾಸೊವರಿ.

ಹೆಣ್ಣು ಕಡುಹಸಿರು ಬಣ್ಣದ ಮೊಟ್ಟೆಗಳನ್ನಿಡುತ್ತದೆ. ಕಾವು ಕೊಡುವ ಹೊಣೆ ಗಂಡಿನದು. ಸುಮಾರು ಎಂಟು ವಾರ ಅದು ಆಹಾರವನ್ನು ತೊರೆದು, ಮೈಯಲ್ಲಿ ಕೂಡಿಟ್ಟ ಕೊಬ್ಬಿನಿಂದಲೇ ಜೀವ ಹಿಡಿದಿರುತ್ತದೆ.

ಶತ್ರುವಿನಿಂದ ಪಾರಾಗಲು ಎಮುವಿಗೆ ಓಟವೇ ಮುಖ್ಯ ಉಪಾಯ. ಓಡಲು ವಿಶಾಲವಾದ ನೆಲವಿರಬೇಕು. ಟ್ಯಾಸ್ಮೇನಿಯದ ಬಳಿಯ ಕಿಂಗ್ ದ್ವೀಪದ ಗಿಡ್ಡ ಎಮುಗಳಿಗೆ ಅದಿರಲಿಲ್ಲ. 19ನೆಯ ಶತಮಾನದ ಆರಂಭದಲ್ಲಿ ಅವು ಬೇಟೆಗೆ ಬಲಿಯಾದವು. ಸೆರೆಯಲ್ಲಿ ಉಳಿದಿದ್ದ ಕೊನೆಯ ಹಕ್ಕಿ 1822ರಲ್ಲಿ ಪ್ಯಾರಿಸ್ಸಿನಲ್ಲಿ ಸತ್ತಿತು.