ಲಿವರಿನಲ್ಲಿ ಕೊಬ್ಬು, ಹೃದಯದಲ್ಲಿ ಬಿಗಿತ

ಬಸರಾಳು ಕಡೆಯವರು ಹೊಟ್ಟೆನೋವಿಗೋ ಕಿಡ್ನಿ ಕಲ್ಲಿಗೋ ಮಂಡ್ಯಕ್ಕೆ ಹೋಗಿ ಸ್ಕ್ಯಾನಿಂಗ್ ಮಾಡಿಸಿದರೆ, ರಿಪೋರ್ಟಿನಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಎಂಬ ಸಾಲು ಕಾಣುವುದುಂಟು. ‘ನಾನು ಕುಡಿಯಕಿಲ್ಲ, ನಂಗ್ಯಾಕೆ ಲಿವರ್ ಕಾಯ್ಲೆ?’ ಎಂದು ಕಾಗದ ಮಡಚಿಟ್ಟರೆ ಮುಗಿಯಿತು. ಆದರೆ ಆ ಸಾಲು ಹೃದಯಕ್ಕೂ ಸೇರಿದ್ದು. ಫ್ಯಾಟಿ ಲಿವರ್ ಇರುವವರ ಸಾವಿಗೆ ಮೊದಲ ಕಾರಣ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯೇ ಹೊರತು ಲಿವರ್ ಅಲ್ಲ.

ಲಿವರಿನ ಜೀವಕೋಶಗಳಲ್ಲಿ ಶೇ. 5ಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬು ಕೂತರೆ ಅದು ಫ್ಯಾಟಿ ಲಿವರ್. ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ ಇದ್ದರೆ ಕುಡಿಯದವರಿಗೂ ಬರುತ್ತದೆ. ಇಂಥ ಲಿವರ್ ರಕ್ತಕ್ಕೆ ಅಗತ್ಯಕ್ಕಿಂತ ಹೆಚ್ಚು ಕೊಬ್ಬು, ಸಕ್ಕರೆ ಮತ್ತು ಉರಿಯೂತದ ರಾಸಾಯನಿಕಗಳನ್ನು ಬಿಡುತ್ತದೆ. ರಕ್ತನಾಳ ಪೆಡಸಾಗುತ್ತದೆ, ಬಿಪಿ ಏರುತ್ತದೆ, ಹೃದಯದ ಸ್ನಾಯು ಬಿಗಿಯಾಗುತ್ತದೆ.

ರಕ್ತ ತಳ್ಳುವುದಷ್ಟೇ ಹೃದಯದ ಕೆಲಸವಲ್ಲ. ಪ್ರತಿ ಬಡಿತದ ನಂತರ ಸಡಿಲಗೊಂಡು ರಕ್ತ ತುಂಬಿಕೊಳ್ಳಲೂ ಬೇಕು. ಮೊದಲು ಕೆಡುವುದು ಸಾಮಾನ್ಯವಾಗಿ ಈ ಸಡಿಲಿಕೆ. ಆಗ ಇಸಿಜಿ ಸರಿಯಾಗಿಯೇ ಇರಬಹುದು. ಎಕೋದಲ್ಲಿ ತಳ್ಳುವ ಶಕ್ತಿ ಶೇ. 60 ಎಂದೇ ಬರಬಹುದು. ಹೃದಯದ ಗೋಡೆ ಎಷ್ಟು ವೇಗವಾಗಿ ಸಡಿಲಗೊಳ್ಳುತ್ತದೆ ಎಂದು ಡಾಪ್ಲರ್‌ನಲ್ಲಿ ಅಳೆದಾಗಷ್ಟೇ ‘ಗ್ರೇಡ್ 1 ಡಯಾಸ್ಟಾಲಿಕ್ ಡಿಸ್‌ಫಂಕ್ಷನ್’ ಎಂಬ ಇನ್ನೊಂದು ಸಾಲು ಸಿಗುತ್ತದೆ. ಒಂದು ಕೋಟಿಗೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಫ್ಯಾಟಿ ಲಿವರ್ ಇರುವವರಲ್ಲಿ ಹೃದಯ ವೈಫಲ್ಯದ ಅಪಾಯ ಸುಮಾರು ಒಂದೂವರೆ ಪಟ್ಟು ಕಂಡುಬಂದಿದೆ. ಲಿವರ್ ಒಂದೇ ಕಾರಣ ಎನ್ನುವಂತಿಲ್ಲ; ಬೊಜ್ಜು, ಬಿಪಿ, ಶುಗರ್ ಎರಡೂ ಅಂಗಗಳಿಗೆ ಒಟ್ಟಿಗೇ ಏಟು ಕೊಡುತ್ತವೆ.

ಆಲೆಮನೆಗಳ ಈ ಸೀಮೆಯಲ್ಲಿ ‘ಸಕ್ಕರೆ ಬ್ಯಾಡ, ಬೆಲ್ಲ ಆಯ್ತದೆ’ ಎನ್ನುವವರಿದ್ದಾರೆ. ಬೆಲ್ಲವೂ ಬಹುಪಾಲು ಸುಕ್ರೋಸೇ: ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಗ್ಲೂಕೋಸನ್ನು ಇಡೀ ದೇಹ ಬಳಸುತ್ತದೆ. ಫ್ರಕ್ಟೋಸಿನ ದೊಡ್ಡ ಪಾಲು ಲಿವರಿನ ತಲೆಗೇ ಬರುತ್ತದೆ. ಮಿತಿ ಮೀರಿದ್ದು ಅಲ್ಲೇ ಕೊಬ್ಬಾಗುತ್ತದೆ.

ಅಪಾಯದ ಮೊದಲ ಸುಳಿವಿಗೆ ಸ್ಕ್ಯಾನಿಂಗ್ ತನಕ ಹೋಗಬೇಕಿಲ್ಲ. 30 ದಾಟಿದವರ ಮನೆಗೆ ಬರುವ ಆಶಾ ಕಾರ್ಯಕರ್ತೆಯ ನಮೂನೆಯಲ್ಲಿ ಸೊಂಟದ ಸುತ್ತಳತೆಗೂ ಅಂಕವಿದೆ: ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರಿಕೆ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಫ್ಯಾಟಿ ಲಿವರನ್ನು ಸಕ್ಕರೆ ಕಾಯಿಲೆ, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೇ ಸೇರಿಸಿತು.

ಒಳ್ಳೆಯ ಸುದ್ದಿಯೆಂದರೆ ಈ ಹಂತದಲ್ಲಿ ಹಿಂದಿರುಗಲು ದಾರಿಯಿದೆ. ದಪ್ಪಗಿರುವವರು ತೂಕದಲ್ಲಿ ಶೇ. 5 ಇಳಿಸಿದರೆ ಲಿವರಿನ ಕೊಬ್ಬು ಕರಗತೊಡಗುತ್ತದೆ, ಶೇ. 7ರಿಂದ 10 ಇಳಿದರೆ ಉರಿಯೂತವೂ ತಗ್ಗುತ್ತದೆ. 80 ಕಿಲೋ ಇರುವವರಿಗೆ ಅದು ಸುಮಾರು ಆರರಿಂದ ಎಂಟು ಕಿಲೋ. ತೂಕ ಇಳಿಯದಿದ್ದರೂ ದಿನದ ಬಿರುಸು ನಡಿಗೆ ಲಿವರಿನ ಕೊಬ್ಬನ್ನು ಕಡಿಮೆ ಮಾಡುತ್ತದೆ. ‘ಫ್ಯಾಟಿ ಲಿವರ್’ ಸಾಲು ರಿಪೋರ್ಟಿನಲ್ಲಿ ಇದ್ದವರು ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿಕೊಳ್ಳಲಿ. ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ವಯಸ್ಸಿನ ಮೇಲೆ ಹಾಕದೆ ಡಾಕ್ಟರಿಗೆ ಹೇಳಲಿ. ಹೇಳುವಾಗ ಹಳೆಯ ಸ್ಕ್ಯಾನಿಂಗ್ ರಿಪೋರ್ಟೂ ಕೈಯಲ್ಲಿರಲಿ.